ಊರು ನಂಬಿದ ಭಾರ

ನೂರಿಪ್ಪತ್ತು ಕಿಲೋ ತೂಗುವ ನಮ್ಮ ಮೇಯರ್ ಹಾರ್ಟ್‌ವಿಗ್ ಇಪ್ಪತ್ತನಾಲ್ಕು ವರ್ಷ ಭಾಷಣ ಬಿಗಿದರು. ಒಂದೂ ಯಾರಿಗೂ ನೆನಪಿಲ್ಲ. ನೆನಪಿರುವುದು ಜನವರಿಯ ನಡಿಗೆ. ಕೆರೆ ಹೆಪ್ಪುಗಟ್ಟಿದೊಡನೆ ಕೊರಳಿಗೆ ಮೇಯರ್ ಹುದ್ದೆಯ ಸರ ಹಾಕಿಕೊಂಡು, ಮಕ್ಕಳಿಗಿಂತ ಮೊದಲು ತಾವೇ ಮಂಜುಗಡ್ಡೆಯ ಮೇಲೆ ಆಚೆ ದಡದವರೆಗೆ ನಡೆಯುತ್ತಿದ್ದರು. "ನನ್ನನ್ನ ಹೊತ್ರೆ ಇಡೀ ಊರನ್ನೇ ಹೊರುತ್ತೆ, ಬನ್ರೋ!" ಹೆಂಡತಿ ಗೆರ್ಲಿಂಡ ಸಾಕೆಂದು ಸಾಸೇಜಿನ ತಟ್ಟೆ ಎಳೆದುಕೊಂಡರೆ, "ಇದು ಊರಿನ ಕೆಲಸ ಕಣೇ, ಇನ್ನೆರಡು ಹಾಕು" ಎನ್ನುವರು. ಈ ಸಲ ಚುನಾವಣೆಯಲ್ಲಿ ಸೋತರು. ತಟ್ಟೆಯನ್ನು ತಾವೇ ದೂರ ತಳ್ಳತೊಡಗಿದರು. ನಮಗೆ ಹೆದರಿಕೆಯಾಯಿತು. ಕೆರೆ ಹೆಪ್ಪುಗಟ್ಟಿದ ದಿನ, ಅವರನ್ನು ಸೋಲಿಸಿದ ಕಡ್ಡಿಯಂಥ ಹೊಸ ಮೇಯರ್ ಇಂಕೆನ್ ಬಾಗಿಲು ತಟ್ಟಿ, ಸರವನ್ನು ಅವರ ಕೈಗಿಟ್ಟಳು: "ನಾನೂ ನಡೆದು ತೋರಿಸ್ದೆ ಸಾರ್. ಒಂದು ಮಗೂನೂ ಇಳೀತಿಲ್ಲ." ಹಾರ್ಟ್‌ವಿಗ್ ಒಳಕ್ಕೆ ತಿರುಗಿ ಕೂಗಿದರು: "ಗೆರ್ಲಿಂಡ, ಸಾಸೇಜು ಹಾಕೇ!"