ಅರ್ಥವಾಗದೆ ತಲೆಯಾಡಿಸಿದ್ದು

ನನ್ನ ತಮ್ಮನನ್ನು ಕಂಟೋನ್ಮೆಂಟಿನ ಕಾಲೇಜಿಗೇ ಸೇರಿಸಬೇಕು ಅಂತ ಹಟ ಹಿಡಿದವಳು ನಾನು. ಅಮ್ಮ ಕೆ.ಆರ್. ಪುರದ ಸರ್ಕಾರಿ ಕಾಲೇಜು ಸಾಕು, ಅಲ್ಲಿ ನಮ್ಮ ಕಡೆಯ ಹುಡುಗರೂ ಇರ್ತಾರೆ ಅಂದಿದ್ದಳು. ತಮ್ಮ ಏನೂ ಹೇಳಿರಲಿಲ್ಲ. ಅವನನ್ನು ಯಾರೂ ಕೇಳಿರಲಿಲ್ಲ ಅನ್ನುವುದೇ ಸರಿ.

ತೊಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಮ್ಮ ಮನೆ ವಿಮಾನಪುರದ ಹಿಂದಿನ ಹಳೇ ಊರಿನಲ್ಲಿತ್ತು. ಅಪ್ಪ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದು ತೀರಿಕೊಂಡ ಮೇಲೆ ಅಮ್ಮನಿಗೆ ಒಂದು ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ದೊಡ್ಡನೆಕ್ಕುಂದಿಯ ಒಂದು ಗಾರ್ಮೆಂಟ್ಸಿಗೆ ಸೇರಿಕೊಂಡಿದ್ದೆ. ಮುಂದೆ ಓದುವ ಆಸೆ ನನಗೂ ಇತ್ತು. ಆದರೆ ಮನೆಯಲ್ಲಿ ಒಬ್ಬರು ಓದಬೇಕು, ಒಬ್ಬರು ದುಡಿಯಬೇಕು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಿದ್ದೆವು.

ತಮ್ಮ ಕನ್ನಡ ಮೀಡಿಯಂ ಶಾಲೆಗೇ ಮೊದಲನೆಯವನಾಗಿ ಎಸ್ಸೆಸ್ಸೆಲ್ಸಿ ಪಾಸಾದ. ಊರಿನ ಯುವಕ ಸಂಘದವರು ಅವನನ್ನು ಅಂಬೇಡ್ಕರ್ ಫೋಟೋ ಪಕ್ಕ ಕೂರಿಸಿ, ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಮೈಕಿನಲ್ಲಿ ಮಾತಾಡಿದವರೆಲ್ಲ ಇವನು ಇಂಜಿನಿಯರ್ ಆಗ್ತಾನೆ ಅಂದರು. ಅವತ್ತೇ ನನ್ನ ತಲೆಗೆ ಆ ಕಾಲೇಜು ಹೊಕ್ಕಿತು. ಶಿವಾಜಿನಗರಕ್ಕೆ ಬಟ್ಟೆ ತರಲು ಹೋದಾಗ ಅದರ ಕಾಂಪೌಂಡನ್ನು ಬಸ್ಸಿನಿಂದ ನೋಡುತ್ತಿದ್ದೆ. ಗೇಟಿನ ಹತ್ತಿರ ಹುಡುಗರು ಇಂಗ್ಲಿಷಿನಲ್ಲಿ ನಗುತ್ತಾ ನಿಂತಿರುತ್ತಿದ್ದರು. ನಗುವುದಕ್ಕೂ ಇಂಗ್ಲಿಷು ಇದೆ ಅಂತ ಆಗ ನನಗೆ ಅನ್ನಿಸುತ್ತಿತ್ತು.

ಸೈನ್ಸಿನಲ್ಲಿ ಸೀಟು ಸಿಕ್ಕಿತು. ಹೊಸ ಪ್ಯಾಂಟು, ಹೊಸ ಬ್ಯಾಗು ಕೊಡಿಸಿದೆ. ಬೆಳಿಗ್ಗೆ ನಾನು ದೊಡ್ಡನೆಕ್ಕುಂದಿ ಕಡೆ ಹೋದರೆ ಅವನು ಶಿವಾಜಿನಗರದ ಬಸ್ಸು ಹತ್ತುತ್ತಿದ್ದ. ಸಂಜೆ ಬಂದಾಗ ಹೇಗಿತ್ತೋ ಅಂದರೆ ಚೆನ್ನಾಗಿತ್ತು ಅನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಕೇಳಲು ನನಗೂ ಏನೂ ತೋಚುತ್ತಿರಲಿಲ್ಲ. ಪಿಯುಸಿಯ ಪುಸ್ತಕ ತೆಗೆದು ನೋಡಿದರೆ ಒಂದು ಸಾಲೂ ನನ್ನದಾಗಿರಲಿಲ್ಲ. ಊಟಕ್ಕೆ ಕರೆಯುವುದು, ಲೈಟು ಅವನ ಕಡೆಗೆ ತಿರುಗಿಸುವುದು, ರೇಡಿಯೋ ಆರಿಸುವುದು, ಇಷ್ಟೇ ನನ್ನ ಕೈಲಾಗುತ್ತಿದ್ದ ಸಹಾಯ.

ದಸರಾ ರಜೆ ಮುಗಿದ ಮೇಲೆ ಒಂದು ದಿನ ಅವನು, ಕಾಲೇಜಿನಲ್ಲಿ ಮನೆಯವರನ್ನು ಕರ್ಕೊಂಡು ಬಾ ಅಂದಿದಾರೆ ಅಂದ. ಯಾಕೆ ಅಂದರೆ ಎಲ್ಲರಿಗೂ ಹೇಳಿದಾರೆ ಅಂದ. ಅಮ್ಮ ನನ್ನ ಕಡೆ ನೋಡಿದಳು. "ನೀನೇ ಹೋಗಿ ಬಾ, ಓದ್ದೋಳು," ಅಂದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಮಾರನೆಯ ದಿನ ಅಮ್ಮ ನೀರು ಹಿಡಿಯುವಾಗ ಬೀದಿಯವರಿಗೆಲ್ಲ, ನಮ್ಮ ಹುಡುಗಿ ಕಾಲೇಜಿನವರ ಹತ್ರ ಮಾತಾಡೋಕೆ ಹೋಗ್ತಾವ್ಳೆ ಅಂತ ಹೇಳಿದಳು.

ಅರ್ಧ ದಿನ ರಜೆ ಕೇಳಿ, ಮದುವೆಗೆ ಉಡುವ ಸೀರೆ ಉಟ್ಟು ಹೋದೆ. ಗೇಟಿನವರೆಗೆ ತಮ್ಮ ಜೊತೆಗಿದ್ದ. ವೈಸ್ ಪ್ರಿನ್ಸಿಪಾಲರ ಕೋಣೆ ತೋರಿಸಿ, ನಂಗೆ ಕ್ಲಾಸಿದೆ ಅಂತ ಹೊರಟುಹೋದ. ಹೊರಗಿನ ಬೆಂಚಿನಲ್ಲಿ ಇನ್ನೂ ಕೆಲವರಿದ್ದರು. ಟೈ ಕಟ್ಟಿದ ಒಬ್ಬ ಗಂಡಸು, ಸೆಂಟಿನ ವಾಸನೆಯ ಒಬ್ಬ ಹೆಂಗಸು, ಅವರ ಮಕ್ಕಳು. ದೊಡ್ಡವರೆಲ್ಲ ಅಪ್ಪ ಅಮ್ಮಂದಿರು. ನನ್ನ ವಯಸ್ಸಿಗೆ ಅಲ್ಲಿ ಕೂತವರು ವಿದ್ಯಾರ್ಥಿಗಳಾಗಿರಬೇಕಿತ್ತು. ನಾನು ಸೆರಗನ್ನು ಎರಡೂ ಭುಜಕ್ಕೆ ಎಳೆದುಕೊಂಡು, ದೊಡ್ಡವಳಂತೆ ಕಾಣಲಿ ಅಂತ ಬೆನ್ನು ನೆಟ್ಟಗೆ ಮಾಡಿ ಕೂತೆ.

ಒಳಗೆ ಹೋದಾಗ ಆ ಟೈ ಕಟ್ಟಿದವರೂ ಅಲ್ಲೇ ಪಕ್ಕದ ಕುರ್ಚಿಯಲ್ಲಿದ್ದರು. ವೈಸ್ ಪ್ರಿನ್ಸಿಪಾಲರು ವಯಸ್ಸಾದವರು. ಕನ್ನಡಕ ತೆಗೆದು, ನನಗೆ ಕೂರಲು ಹೇಳಿ, ಇಂಗ್ಲಿಷಿನಲ್ಲಿ ಶುರು ಮಾಡಿದರು. ಗಟ್ಟಿಯಾಗಿಯೇನೂ ಮಾತಾಡಲಿಲ್ಲ. ನನಗೆ 'ಬ್ರದರ್' ಅನ್ನುವುದು ಕೇಳಿಸಿತು, 'ಕ್ಲಾಸ್' ಕೇಳಿಸಿತು, 'ಡಿಫಿಕಲ್ಟ್' ಅನ್ನುವುದೂ ಕೇಳಿಸಿತು. ಉಳಿದದ್ದು ಬಸ್ಸು ಓಡುವಾಗ ಕಿಟಕಿಯಾಚೆ ಓದಲಾಗದೆ ಹೋಗುವ ಬೋರ್ಡುಗಳ ಹಾಗೆ ದಾಟಿಹೋಯಿತು. ಅವರು ನಿಲ್ಲಿಸಿ ನನ್ನ ಮುಖ ನೋಡಿದಾಗಲೆಲ್ಲ "ಎಸ್ ಸಾರ್" ಅಂದೆ. ಕೊನೆಗೆ ಏನೋ ಕೇಳಿದರು. ಅದಕ್ಕೂ "ಎಸ್ ಸಾರ್" ಅಂದೆ. ಅವರಿಗೆ ಸ್ವಲ್ಪ ಆಶ್ಚರ್ಯವಾದಂತಿತ್ತು. "ಶೂರ್?" ಅಂದರು. ಆ ಮಾತು ನನಗೆ ಗೊತ್ತಿತ್ತು. ಗೊತ್ತಿರುವ ಮಾತು ಬಂತಲ್ಲ ಅನ್ನುವ ಖುಷಿಗೆ ಜೋರಾಗಿಯೇ "ಶೂರ್ ಸಾರ್" ಅಂದುಬಿಟ್ಟೆ.

ಹೊರಗೆ ಬಂದಾಗ ಮೈಯೆಲ್ಲ ಬೆವೆತಿತ್ತು. ಆದರೂ ನಿಭಾಯಿಸಿದೆ ಅನ್ನಿಸಿತು. ಯಾರಿಗೂ ಗೊತ್ತಾಗಲಿಲ್ಲ. ಶಿವಾಜಿನಗರದ ಬೇಕರಿಯಲ್ಲಿ ತಮ್ಮನಿಗೆ ಇಷ್ಟವಾದ ದಿಲ್‌ಪಸಂದ್ ಕಟ್ಟಿಸಿಕೊಂಡು, ಮನೆಗೆ ಹೋಗಿ ಸೀರೆ ಬದಲಿಸಿ, ಮಧ್ಯಾಹ್ನದ ಕೆಲಸಕ್ಕೆ ಹೋದೆ.

ಸಂಜೆ ಅವನು ಬಂದು ಬ್ಯಾಗನ್ನು ಮೂಲೆಯಲ್ಲಿ ಇಟ್ಟ. ನಾನು ದಿಲ್‌ಪಸಂದ್ ಕೊಟ್ಟೆ. ಅವನು ಮುಟ್ಟಲಿಲ್ಲ.

"ನಾಳೆ ಬಂದು ಟಿಸಿ ತಗೊಂಡ್ ಹೋಗ್ಬೇಕಂತೆ," ಅಂದ.

"ಯಾರ ಟಿಸಿ?"

"ನಂದು. ಅಕ್ಕನೇ ಒಪ್ಕೊಂಡ್ರು ಅಂದ್ರು ಆಫೀಸಲ್ಲಿ."

ಅಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಆಗಲೇ ನಾನು ನಿಜ ಹೇಳಬಹುದಿತ್ತು. ಆದರೆ ಬೀದಿಗೆಲ್ಲ ಹೇಳಿಕೊಂಡಿದ್ದ ಅಮ್ಮ, ಶಾಲು ಹೊದಿಸಿಕೊಂಡಿದ್ದ ತಮ್ಮ, ಇಬ್ಬರ ಎದುರಿಗೂ ಅರ್ಥ ಆಗಲಿಲ್ಲ ಅನ್ನುವುದಕ್ಕಿಂತ, ಬೇಕೆಂದೇ ಒಪ್ಪಿದೆ ಅನ್ನುವುದು ಸುಲಭವಾಗಿ ಕಂಡಿತು. ಹೂಂ ಅಂದೆ. ಅಮ್ಮ ಇನ್ನೇನೂ ಕೇಳಲಿಲ್ಲ. ನಾನು ಒಪ್ಪಿದ್ದೇನೆ ಅಂದರೆ ಏನೋ ಕಾರಣ ಇರುತ್ತದೆ ಅಂತ ಅವಳು ನಂಬಿದಳು. ಅವಳು ನಂಬಿದ್ದು ನನ್ನನ್ನು ಇನ್ನೂ ಚಿಕ್ಕವಳನ್ನಾಗಿ ಮಾಡಿತು.

ತಮ್ಮ ಮಾತ್ರ ನಿಂತೇ ಇದ್ದ. "ನಾನೂ ದುಡೀಲಿ ಅಂತ ಇದ್ರೆ ನಂಗೇ ಹೇಳ್ಬೋದಿತ್ತಲ್ಲ ಅಕ್ಕ," ಅಂದು ಹಿತ್ತಲಿಗೆ ಹೋದ.

ನಾನು ಅನ್ನಕ್ಕೆ ಅಕ್ಕಿ ತೊಳೆಯಲು ಕೂತೆ. ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದೆ. ಆಮೇಲೆ ಪಾತ್ರೆ ಅಲ್ಲೇ ಬಿಟ್ಟು ಎದ್ದು ಹೋದೆ. ಅವನು ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಅವನ ಮುಖ ನೋಡುತ್ತಾ ಹೇಳಲಾಗಲಿಲ್ಲ. ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಾ ಹೇಳಿದೆ.

"ನಂಗೆ ಅರ್ಥ ಆಗ್ಲಿಲ್ಲ ಕಣೋ."

"ಏನು?"

"ಅವರು ಮಾತಾಡಿದ್ದು. ಒಂದೂ ಅರ್ಥ ಆಗ್ಲಿಲ್ಲ. ಎಲ್ಲದಕ್ಕೂ ಸುಮ್ನೆ ಎಸ್ ಸಾರ್ ಅಂದ್ಬಿಟ್ಟೆ."

ನಗುತ್ತಾನೆ ಅಂದುಕೊಂಡೆ, ಇಲ್ಲವೇ ಬೈಯುತ್ತಾನೆ. ಅವನು ಎರಡೂ ಮಾಡಲಿಲ್ಲ. "ನಂಗೂ ಅಷ್ಟೇ ಅಕ್ಕ, ಕ್ಲಾಸಲ್ಲಿ," ಅಂದ.

ಆಮೇಲೆ ಒಂದೊಂದಾಗಿ ಹೇಳಿದ. ಮೊದಲ ವಾರ ಎಲ್ಲರೂ ಎದ್ದು ನಿಂತು ತಮ್ಮ ಬಗ್ಗೆ ಹೇಳಬೇಕಿತ್ತಂತೆ. ಇವನು ಹೆಸರು, ಊರು ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಹಾಬಿ ಏನು ಅಂತ ಕೇಳಿದರು. ಆ ಮಾತು ಗೊತ್ತಿಲ್ಲದೆ ಮತ್ತೆ ಊರಿನ ಹೆಸರನ್ನೇ ಹೇಳಿದ. ಹುಡುಗರು ನಕ್ಕರು. ಅಲ್ಲಿಂದ ಮುಂದೆ ಯಾರೂ ಏನೂ ಕೇಳದಿರಲಿ ಅಂತ ಹಿಂದಿನ ಬೆಂಚಿಗೆ ಹೋದ. ನಮ್ಮ ಶಾಲೆಯಲ್ಲಿ ವೇಗ, ಬಲ, ದ್ರವ್ಯರಾಶಿ ಅಂತ ಕಲಿತಿದ್ದೆಲ್ಲ ಅಲ್ಲಿ ಬೇರೆ ಹೆಸರಿಟ್ಟುಕೊಂಡು ಬಂದಿತ್ತು. "ಲೆಕ್ಕ ಬರುತ್ತೆ ಅಕ್ಕ. ಪ್ರಶ್ನೆ ಏನಂತಲೇ ಗೊತ್ತಾಗಲ್ಲ," ಅಂದ.

ದಸರಾಕ್ಕೆ ಮುಂಚೆಯೇ ಅವನು ಕ್ಲಾಸಿಗೆ ಹೋಗುವುದನ್ನು ಬಿಟ್ಟಿದ್ದ. ಬೆಳಿಗ್ಗೆ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬಂದು, ಮತ್ತೆ ಹೋಗುತ್ತಿದ್ದನಂತೆ. ಪಾಸು ಆ ದಾರಿಗೆ ಮಾತ್ರ ಇತ್ತು. ಒಬ್ಬ ಕಂಡಕ್ಟರು ಗುರುತು ಹಿಡಿದು, ಯಾಕಪ್ಪಾ ಕಾಲೇಜಿಲ್ವಾ ಅಂದಮೇಲೆ ಹಲಸೂರಿನಲ್ಲಿ ಇಳಿದು ಕೆರೆಯ ಹತ್ತಿರ ಕೂರತೊಡಗಿದ. ನಾನು ಕಟ್ಟಿಕೊಟ್ಟ ಚಿತ್ರಾನ್ನವನ್ನು ಅಲ್ಲೇ ತಿಂದು, ಡಬ್ಬಿ ತೊಳೆದುಕೊಂಡು ಬರುತ್ತಿದ್ದ. ಡಬ್ಬಿ ತೊಳೆದು ತರ್ತಾನೆ, ಕಾಲೇಜಿಗೆ ಹೋಗಿ ಎಷ್ಟು ಬುದ್ಧಿ ಬಂದಿದೆ ಅಂತ ನಾನು ಅಮ್ಮನ ಹತ್ತಿರ ಹೇಳಿದ್ದೆ. ಅದು ನೆನಪಾಗಿ ಅವನ ಪಕ್ಕ ಕೂರಲೂ ನಾಚಿಕೆಯಾಯಿತು.

ಮಾರನೆಯ ದಿನ ಇಬ್ಬರೂ ಹೋದೆವು. ಸೂಪರ್‌ವೈಸರಿಗೆ ಹೇಳದೆ ರಜೆ ಹಾಕಿದೆ. ಬಸ್ಸು ಇಳಿಯುವಾಗ ಅವನು, ಬೇಡ ಅಕ್ಕ, ಟಿಸಿ ತಗೊಂಡು ಹೋಗೋಣ ಅಂದ. ನನಗೂ ಅದೇ ಬೇಕಾಗಿತ್ತು. ಆದರೂ ಕಾಲು ಆ ಕೋಣೆಯ ಕಡೆಗೇ ಹೋಯಿತು. ಇವತ್ತು ಸೀರೆ ಮಾಮೂಲಿಯದು. ಒಳಗೆ ಇಬ್ಬರು ಲೆಕ್ಚರರುಗಳು, ಒಬ್ಬ ಗುಮಾಸ್ತರು ನಿಂತಿದ್ದರು. ಅವರು ಹೋಗಲಿ ಅಂತ ಕಾದೆ. ಹೋಗಲಿಲ್ಲ.

"ಸಾರ್, ನಿನ್ನೆ ನೀವು ಹೇಳಿದ್ದು ನಂಗೆ ಅರ್ಥ ಆಗ್ಲಿಲ್ಲ. ಅರ್ಥ ಆದವಳ ಥರ ತಲೆಯಾಡಿಸ್ಬಿಟ್ಟೆ. ನನ್ನ ತಮ್ಮನ್ನ ಕಳಿಸ್ಬೇಡಿ."

ಗುಮಾಸ್ತರು ಮುಖ ಆಚೆ ತಿರುಗಿಸಿಕೊಂಡರು. ನಗು ತಡೆಯಲೋ, ನನ್ನ ಮುಜುಗರ ನೋಡಬಾರದೆಂದೋ ತಿಳಿಯಲಿಲ್ಲ. ವೈಸ್ ಪ್ರಿನ್ಸಿಪಾಲರು ಕನ್ನಡಕ ತೆಗೆದಿಟ್ಟರು. ಆಮೇಲೆ ತಮಿಳು ಬೆರೆತ ಕನ್ನಡದಲ್ಲಿ, "ನಿನ್ನೇನೇ ಹೇಳ್ಬೇಕಲ್ಲಮ್ಮ. ನಂಗೆ ಕನ್ನಡ ಬರುತ್ತೆ," ಅಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದೇ ಒಂದು ಮಾತು ಕೇಳಿದ್ದರೆ ಆಗಿಹೋಗುತ್ತಿತ್ತು.

ಅವರು ಹಿಂದಿನ ದಿನ ಹೇಳಿದ್ದನ್ನೆಲ್ಲ ಮತ್ತೆ ಕನ್ನಡದಲ್ಲಿ ಹೇಳಿದರು. ಹುಡುಗ ಕ್ಲಾಸಿಗೆ ಬರುತ್ತಿಲ್ಲ, ಹೀಗಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಇಲ್ಲಿ ಕಷ್ಟವಾದರೆ ಮನೆ ಹತ್ತಿರದ ಕಾಲೇಜಿಗೆ ಹಾಕಬಹುದು, ಟಿಸಿ ಕೊಡಲೇ ಅಂತ ಕೇಳಿದ್ದರಂತೆ. ನಾನು ಅಷ್ಟು ಬೇಗ ಒಪ್ಪಿದ್ದು ನೋಡಿ ಅವರಿಗೇ ಬೇಸರವಾಗಿತ್ತಂತೆ. ಆಮೇಲೆ ತಮ್ಮನ ಕಡೆ ತಿರುಗಿ, ಕನ್ನಡ ಮೀಡಿಯಂನಿಂದ ಬಂದವರಿಗೆ ಮಧ್ಯಾಹ್ನ ಕೆಮಿಸ್ಟ್ರಿ ಮೇಡಂ ಬೇರೆ ಕ್ಲಾಸು ತಗೊಳ್ತಾರಲ್ಲ, ಯಾಕೆ ಹೋಗಲಿಲ್ಲ ಅಂತ ಕೇಳಿದರು. ನನಗೆ ಅಂಥದ್ದೊಂದು ಇದೆ ಅನ್ನುವುದೇ ಗೊತ್ತಿರಲಿಲ್ಲ. ತಮ್ಮನಿಗೆ ಗೊತ್ತಿತ್ತು. ಅವನು ತಲೆ ತಗ್ಗಿಸಿ, ಎಲ್ಲರೂ ಅದನ್ನ ದಡ್ಡರ ಕ್ಲಾಸು ಅಂತಾರೆ ಸಾರ್ ಅಂದ.

"ಹೋಗ್ತೀಯಾ ಈಗ?"

ಅವನು ನನ್ನ ಕಡೆ ನೋಡಿದ. ನಾನು ಅವನ ಬದಲಿಗೆ ತಲೆಯಾಡಿಸಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಕೊನೆಗೆ ಅವನೇ ಹೋಗ್ತೀನಿ ಅಂದ.

ಹೋದ. ಆ ಕೆಮಿಸ್ಟ್ರಿ ಮೇಡಂ ಹೊಸದೇನೂ ಮಾಡುತ್ತಿರಲಿಲ್ಲವಂತೆ. ಬೆಳಿಗ್ಗೆ ಇಂಗ್ಲಿಷಿನಲ್ಲಿ ನಡೆದದ್ದನ್ನೇ ಕನ್ನಡದಲ್ಲಿ ಹೇಳಿ, ಆಮೇಲೆ ಹುಡುಗರ ಬಾಯಲ್ಲೇ ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದರು. ತಪ್ಪಾದರೆ ಅಲ್ಲಿ ನಗುವವರಿರಲಿಲ್ಲ, ಎಲ್ಲರದೂ ತಪ್ಪೇ. ಮನೆಯಲ್ಲಿ ನಾನು ಮುದ್ದೆ ತೊಳಸುವಾಗ ಅವನು ಪಕ್ಕದಲ್ಲಿ ಕೂತು ಅವತ್ತಿನದನ್ನು ನನಗೆ ಹೇಳುತ್ತಿದ್ದ. ಹಾಗೆ ಹೇಳು ಅಂತ ನಾನೇ ಕೇಳಿಕೊಂಡಿದ್ದೆ. ಎಷ್ಟೋ ಸಲ ಕೂತಲ್ಲೇ ತೂಕಡಿಸಿ ಅವನ ಸಿಟ್ಟಿಗೆ ಗುರಿಯಾದೆ. ಮೊದಲ ವರ್ಷ ಫಿಸಿಕ್ಸು ಒಮ್ಮೆ ಹೋಯಿತು, ಮತ್ತೆ ಕಟ್ಟಿ ಪಾಸಾದ. ಸಂಘದವರು ಹೇಳಿದಂತೆ ಇಂಜಿನಿಯರ್ ಆಗಲಿಲ್ಲ. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿ ಇಂದಿರಾನಗರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಡಾಕ್ಟರುಗಳ ಜೊತೆ ಇಂಗ್ಲಿಷು ಮಾತಾಡುತ್ತಾ ಮಾತಾಡುತ್ತಾ ಅವನಿಗೆ ಅದು ನೀರು ಕುಡಿದಷ್ಟು ಸಲೀಸಾಯಿತು.

ಅಮ್ಮನಿಗೆ ನಾವು ಏನನ್ನೂ ಹೇಳಲಿಲ್ಲ. ಕಾಲೇಜಿನವರು ಮನಸ್ಸು ಬದಲಾಯಿಸಿದರು ಅಂದೆವು. ನಮ್ಮ ಹುಡುಗಿ ಹೋಗಿ ಮಾತಾಡಿ ಸರಿ ಮಾಡ್ಕೊಂಡು ಬಂದ್ಲು ಅಂತ ಅವಳು ಮತ್ತೆ ಬೀದಿಗೆಲ್ಲ ಹೇಳಿದಳು. ನಾನು ಒಂದಷ್ಟು ದಿನ ನಲ್ಲಿಯ ಕಡೆ ಹೋಗುವುದನ್ನೇ ತಪ್ಪಿಸಿಕೊಂಡೆ.

ಇದಾದ ಮುಂದಿನ ವರ್ಷ ನಾನು ಮದುವೆಯಾಗಿ ಕೆ.ಆರ್. ಪುರಕ್ಕೆ ಬಂದೆ, ಗಾರ್ಮೆಂಟ್ಸಿನ ಕೆಲಸ ಮಾತ್ರ ಬಿಡಲಿಲ್ಲ. ನನ್ನ ಮಗಳು ಪಿಯುಸಿಗೆ ಸೇರುವ ಹೊತ್ತಿಗೆ ಟಿನ್ ಫ್ಯಾಕ್ಟರಿಯ ಹತ್ತಿರ ರಸ್ತೆ ದಾಟುವುದೇ ಒಂದು ಸಾಹಸವಾಗಿತ್ತು. ಅವಳು ಚಿಕ್ಕಂದಿನಿಂದ ಇಂಗ್ಲಿಷ್ ಮೀಡಿಯಂ. ಇಂದಿರಾನಗರದ ಕಾಲೇಜಿನಲ್ಲಿ ಮೊದಲ ವಾರವೇ ಅಪ್ಪ ಅಮ್ಮಂದಿರನ್ನು ಕರೆದು, ಈ ವಯಸ್ಸಿನ ಮಕ್ಕಳಿಗೆ ಹೊಸ ಕಾಲೇಜು ಒಗ್ಗುವ ತನಕ ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಅಂತ ಹೇಳುವ ಸಭೆಯಿತ್ತು. ನನ್ನ ಗಂಡನಿಗೆ ಡ್ಯೂಟಿ. ನಾನು ಮಗಳ ಪಕ್ಕ ಕೂತೆ. ಅಷ್ಟು ಹೊತ್ತಿಗೆ ನನಗೆ ಅರ್ಧಂಬರ್ಧ ಇಂಗ್ಲಿಷು ತಿಳಿಯುತ್ತಿತ್ತು. ಆದರೆ ವೇದಿಕೆಯ ಮೇಲಿದ್ದವರು ವೇಗವಾಗಿ ಮಾತಾಡುತ್ತಿದ್ದರು. ಸುತ್ತಲಿನವರೆಲ್ಲ ತಲೆಯಾಡಿಸುತ್ತಿದ್ದರು. ನನ್ನ ತಲೆಯೂ ಆಡಲು ಶುರುವಾದದ್ದು ನನಗೇ ಗೊತ್ತಾಯಿತು. ಎದ್ದು ನಿಂತೆ. ಸ್ವಲ್ಪ ಕನ್ನಡದಲ್ಲೂ ಹೇಳ್ತೀರಾ ಸಾರ್ ಅಂದೆ. ಸುತ್ತ ಕೂತವರ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ವೇದಿಕೆಯವರು ಆಗಲಿ ಅಂತ ಹೇಳಿ ಉಳಿದದ್ದನ್ನು ಎರಡೂ ಭಾಷೆಯಲ್ಲಿ ಹೇಳಿದರು.

ಮಗಳು ಸಭೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಳು, ಆದರೆ ಕಿಟಕಿಯ ಕಡೆ ತಿರುಗಿ. ಹಳೇ ಮದ್ರಾಸ್ ರಸ್ತೆಗೆ ಬಂದ ಮೇಲೆ ಮೆಲ್ಲಗೆ, "ಮುಂದಿನ ಸಲ ಮಾಮನ್ನ ಕಳ್ಸಮ್ಮ," ಅಂದಳು.

ಆಯ್ತು ಅಂದೆ. ಅವಳ ವಯಸ್ಸಿನಲ್ಲಿ ನಗುವವರ ನಡುವೆ ಕೂರುವುದು ಎಂಥ ಸಂಕಟ ಅಂತ ನನಗೆ ತಮ್ಮನಿಂದ ಕೇಳಿ ಗೊತ್ತಿತ್ತು. ಆದರೂ ಮುಖ ಸುಟ್ಟ ಹಾಗಾಯಿತು. ಅವತ್ತು ವೈಸ್ ಪ್ರಿನ್ಸಿಪಾಲರ ಕೋಣೆಯಲ್ಲಿ, ಆ ಗುಮಾಸ್ತರ ಎದುರಿಗೂ ಅಷ್ಟು ನಾಚಿಕೆಯಾಗಿರಲಿಲ್ಲ.

ಮುಂದಿನ ಸಭೆಗೆ ತಮ್ಮ ಹೋದ. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೊರಟವನು, ನೀನ್ಯಾಕೆ ಬರಲ್ಲ ಅಕ್ಕ ಅಂತ ಕೇಳಿದ. ಫ್ಯಾಕ್ಟರಿಯಲ್ಲಿ ರಜೆ ಕೊಡಲ್ಲ ಕಣೋ, ನಾನೂ ಈಗ ಹೊರಡ್ಬೇಕು ಅಂದೆ. ಅವನು ನಂಬಿದ. ಮಗಳು ಅವನ ಬೈಕಿನ ಹಿಂದೆ ಕೂತು ಹೋದಳು. ನಾನು ಬಾಗಿಲಲ್ಲಿ ನಿಂತು, ಅವರು ತಿರುವು ದಾಟುವವರೆಗೂ ನೋಡಿ ಒಳಗೆ ಬಂದೆ.