ಕರಿ ಕಾರೂ ಕ್ಲೇ ಅಕ್ಕನೂ

ಅಕ್ಕನ ಬಲಗೈ ಬಿಚ್ಚಿದರೆ ಅಂಗೈ ಗೆರೆಗಳೆಲ್ಲ ಕಪ್ಪು. ಹಲಸೂರಿನ ಗಲ್ಲಿಯಲ್ಲಿ ಹದಿನೈದು ವರ್ಷ ಊದುಬತ್ತಿ ಹೊಸೆದ ಕೈ ಅದು. ಎಷ್ಟು ಸೋಪು ಹಾಕಿದರೂ ಆ ಕಪ್ಪು ಹೋಗಿರಲಿಲ್ಲ. ಆ ಕೈ ಮುಟ್ಟಿದ ಕಾರುಗಳಲ್ಲಿ ಗೀರು ಬಿದ್ದದ್ದು ಒಂದೇ ಒಂದರ ಮೇಲೆ. ಕಾರಣ ಯಾರೆಂದು ಊಹಿಸುವ ಕಷ್ಟ ನಿಮಗೆ ಬೇಡ. ಗಿರಾಕಿಯೊಬ್ಬರ ಅಣಕು ಮಾಡುವ ಭರದಲ್ಲಿ ಕ್ಲೇ ತುಂಡನ್ನು ನೆಲಕ್ಕೆ ಬೀಳಿಸಿದ ಪೆದ್ದ ನಾನೇ. ಬೀಳಿಸಿ ಬಾಯಿ ಮುಚ್ಚಿಕೊಂಡು ನಿಂತವನೂ ನಾನೇ.

ಕ್ಲೇ ಅಂದರೇನು ಎನ್ನುವವರಿಗೆ ಎರಡು ಮಾತು. ಕಾರನ್ನು ಎಷ್ಟೇ ತೊಳೆಯಿರಿ, ಬಣ್ಣಕ್ಕೆ ಕಚ್ಚಿಕೊಂಡ ಧೂಳು, ಕಬ್ಬಿಣದ ಪುಡಿ, ಮರದ ಅಂಟು ನೀರಿಗೆ ಜಗ್ಗುವುದಿಲ್ಲ. ಕಣ್ಣಿಗೆ ಕಾಣದಿದ್ದರೂ ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿ. ಅದನ್ನು ಎತ್ತಲು ಸೋಪಿನ ತುಂಡಿನಷ್ಟಿರುವ, ಹಿಸುಕಿದರೆ ಬಗ್ಗುವ ಈ ಕ್ಲೇ ಬೇಕು. ಸೋಪುನೀರು ಚಿಮುಕಿಸಿ ಮೆಲ್ಲಗೆ ಜಾರಿಸುತ್ತಾ ಹೋದರೆ ಕಚ್ಚಿಕೊಂಡದ್ದೆಲ್ಲ ಅದಕ್ಕೆ ಅಂಟಿ ಬರುತ್ತದೆ. ಕೊಳೆಯಾದ ಮುಖವನ್ನು ಒಳಕ್ಕೆ ಮಡಚಿ, ನಾದಿ, ಹೊಸ ಮುಖ ಮಾಡಿಕೊಂಡು ಮುಂದುವರಿಯಬೇಕು. ನೆಲಕ್ಕೆ ಬಿತ್ತೋ, ಎಸೆಯಬೇಕು. ಒಂದು ಮರಳಿನ ಕಣ ಸಾಕು, ಬಣ್ಣದ ಮೇಲೆ ಗೆರೆ ಎಳೆಯಲು.

ಇಂದಿರಾನಗರದಿಂದ ಹಲಸೂರಿಗೆ ಹೋಗುವ ದಾರಿಯಲ್ಲಿ ಕಾರು ತೊಳೆದು ಹೊಳಪು ಕೊಡುವ ನಮ್ಮ ಶೆಡ್ಡು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಓನರ್ ನನ್ನನ್ನು ಸೇರಿಸಿಕೊಂಡದ್ದು ಕೈ ನೋಡಿ ಅಲ್ಲ, ಬಾಯಿ ನೋಡಿ. ಗಿರಾಕಿಗಳ ಜೊತೆ ಕನ್ನಡ, ತಮಿಳು, ಉರ್ದು, ಹರಕು ಇಂಗ್ಲಿಷು ಎಲ್ಲ ಆಡುತ್ತಿದ್ದೆ. ಅವರು ಅತ್ತ ಹೋದಮೇಲೆ ಇತ್ತ ಅವರ ಹಾಗೇ ಆಡಿ ತೋರಿಸುತ್ತಿದ್ದೆ. ನಾವೆಲ್ಲ ಅಕ್ಕ ಎನ್ನುತ್ತಿದ್ದ ಆಕೆ ಬಂದದ್ದು ಕಾರು ಒರೆಸುವ ಬಟ್ಟೆಗಳನ್ನು ಒಗೆಯಲು.

ಕ್ಲೇ ಬಂದ ಹೊಸದರಲ್ಲಿ ನಾವು ನಾಲ್ವರು ಗಂಡಸರು ದೋಸೆ ಕಾವಲಿ ತಿಕ್ಕುವ ಹಾಗೆ ಒತ್ತಿ ಒತ್ತಿ ಉಜ್ಜುತ್ತಿದ್ದೆವು. ಬಟ್ಟೆ ಹಿಂಡುತ್ತಿದ್ದ ಅಕ್ಕ ಒಂದು ದಿನ ತಡೆಯಲಾರದೆ ಎದ್ದು ಬಂದಳು.

"ಡೇಯ್, ಗಾಡಿ ಮೇಲೆ ಅದೇನ್ ಸಿಟ್ಟೋ ನಿಂಗೆ? ಕೊಡಿಲ್ಲಿ ಆ ಹಿಟ್ನ."

ಸಿಟ್ಟು ಬಂದರೆ ಡೇಯ್, ಪ್ರೀತಿ ಬಂದರೆ ಕಣ್ಣಾ, ಅದು ಅಕ್ಕನ ತಮಿಳು ಬೆರೆತ ಹಲಸೂರು ಕನ್ನಡ. ಕ್ಲೇಗೆ ಕೊನೆಯವರೆಗೂ ಹಿಟ್ಟು ಎಂದೇ ಹೆಸರು. ಎರಡು ಸಲ ನಾದಿ, ಬಿಲ್ಲೆಯ ಹಾಗೆ ತಟ್ಟಿ, ಬಾಗಿಲಿನ ಮೇಲೆ ಜಾರಿಸಿದಳು. ಮೊದಲು ಚೆಲ್ಲಿದ ರವೆಯ ಮೇಲೆ ಕಾಲಿಟ್ಟಂತೆ ಸರ್ರ್ ಸರ್ರ್. ಆಮೇಲೆ ಬರೀ ಪಿಸುಗುಟ್ಟುವಷ್ಟು. ಆಮೇಲೆ ಏನೂ ಇಲ್ಲ.

"ಸದ್ದು ನಿಂತ್ರೆ ಬಿಟ್ಬಿಡ್ಬೇಕು. ಕೈ ಅಂತೂ ಇಲ್ಲ, ಕಿವೀನೂ ಇಲ್ವೇನ್ರೋ ನಿಮ್ಗೆ?"

ಈಗ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಈ ಕೆಲಸದಲ್ಲಿ ಒಳ್ಳೆಯ ಕೈ ಅನ್ನಿಸಿಕೊಂಡವರಲ್ಲಿ ಏಳೆಂಟು ಮಂದಿ ಅಕ್ಕನ ಬಾಯಲ್ಲಿ ಬೈಸಿಕೊಂಡು ಕಲಿತವರು. ಹೊಸ ತಿಪ್ಪಸಂದ್ರದಲ್ಲಿ ಸ್ವಂತ ಬೋರ್ಡು ಏರಿಸಿಕೊಂಡು ಮೆರೆಯುತ್ತಿರುವ ನಾನೂ ಅವರಲ್ಲೊಬ್ಬ. ಯಾರ ಹತ್ತಿರ ಕಲಿತೆ ಎಂದು ಕೇಳಿದರೆ ನನ್ನ ಎದೆ ಎರಡಿಂಚು ಮುಂದೆ ಬರುತ್ತದೆ. ಅಕ್ಕ ಆ ಶೆಡ್ಡಿನ ಹಿರಿಯ ಕೈ ಆದದ್ದು ಒಂದು ಕರಿ ಕಾರಿನಿಂದ. ಆಗದೆ ಹೋಗುತ್ತಿದ್ದದ್ದೂ ಅದರಿಂದಲೇ, ನನ್ನ ದಯೆಯಿಂದ.

ಕಾರಿನ ಯಜಮಾನರ ಮನೆ ಕೆ.ಆರ್. ಪುರದಲ್ಲಿ, ರೈಲು ಹಳಿಯ ಪಕ್ಕ. ರೈಲು ಬ್ರೇಕ್ ಹಾಕಿದಾಗಲೆಲ್ಲ ಹಾರುವ ಕಬ್ಬಿಣದ ಪುಡಿ ಬಾನೆಟ್ಟಿಗೆ ಕಚ್ಚಿಕೊಂಡು ತುಕ್ಕಿನ ಚುಕ್ಕೆ ಎದ್ದಿದ್ದವು. ಪೇಂಟರ್ ಒಬ್ಬ ಪೂರ್ತಿ ಹೊಸ ಬಣ್ಣ ಹೊಡೆಯಬೇಕು ಎಂದು ಹೆದರಿಸಿದ್ದನಂತೆ. ಅವರಿಗೆ ಅದು ಸುತರಾಂ ಇಷ್ಟವಿಲ್ಲ. ಮಾತುಮಾತಿಗೆ ಪ್ಯಾಂಟು ಮೇಲೆಳೆದುಕೊಂಡು, "ಕಂಪನಿ ಪೇಂಟ್ ರೀ ಇದು, ಕಂಪನಿ ಪೇಂಟ್!" ಎನ್ನುತ್ತಿದ್ದರು.

ಅವರು ಹೋದಮೇಲೆ ಓನರ್ ಅಕ್ಕನನ್ನು ಕರೆದು, "ಇದನ್ನ ಪೂರ್ತಿ ನೀವೇ ಮಾಡಿಮ್ಮಾ. ಚೆನ್ನಾಗಿ ಬಂದ್ರೆ ಬಟ್ಟೆ ಒಗೆಯೋಕೆ ಬೇರೆಯವ್ರನ್ನ ನೋಡ್ತೀನಿ. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ, ವಾಪಸ್ ಬಕೆಟ್ ಹತ್ರ" ಎಂದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಅರ್ಧ ಬಾನೆಟ್ ಮುಗಿದಿತ್ತು. ಸೋಪುನೀರು ತುಂಬಿಸಲು ಅಕ್ಕ ಕ್ಲೇಯನ್ನು ತಟ್ಟೆಯಲ್ಲಿಟ್ಟಳು. ನಾನು ಅದನ್ನೆತ್ತಿ ಮೊಬೈಲಿನಂತೆ ಕಿವಿಗೆ ಹಿಡಿದು, ಪ್ಯಾಂಟು ಮೇಲೆಳೆದು, "ಹಲೋ, ಯಾರ್ರೀ ಅದು? ನಾನು ಕಂಪನಿ ಪೇಂಟ್ ರೀ! ಹೆಂಡ್ತಿಗೂ ಮುಟ್ಟೋಕೆ ಬಿಟ್ಟಿಲ್ಲ, ನೀವ್ಯಾರ್ರೀ?" ಎಂದೆ. ಅಕ್ಕ ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅಷ್ಟಕ್ಕೇ ಉಬ್ಬಿಹೋದ ನಾನು ಇನ್ನೊಂದು ಸುತ್ತು ತಿರುಗಿದೆ. ಕ್ಲೇ ಜಾರಿ ನೆಲಕ್ಕೆ ಬಿತ್ತು.

ಅಕ್ಕನ ಕಣ್ಣು ಇನ್ನೂ ಸೆರಗಲ್ಲಿತ್ತು, ಬೇರೆ ಯಾರೂ ನೋಡಲಿಲ್ಲ. ಎತ್ತಿ ಪ್ಯಾಂಟಿಗೆ ಒರೆಸಿ, ಬಿದ್ದ ಮುಖವನ್ನು ಒಳಕ್ಕೆ ಮಡಚಿ ತಟ್ಟೆಯಲ್ಲಿಟ್ಟೆ. ಮಡಚಿದರೆ ಹೊಸ ಮುಖ ತಾನೆ, ಎಂಥಾ ಬುದ್ಧಿವಂತ ನಾನು!

ಯಾರ ಕೈಯಿಂದ ಬಂದ ಕ್ಲೇಯನ್ನೂ ಅಕ್ಕ ಬಿಡಿಸಿ ನೋಡದೆ ಗಾಡಿಗೆ ಇಟ್ಟವಳಲ್ಲ. ಅವತ್ತು ನಗು ಇನ್ನೂ ನಿಂತಿರಲಿಲ್ಲ. ಹಾಗೇ ಒಂದು ಸಲ ನಾದಿ ಇಟ್ಟಳು. 'ಕರ್' ಎಂದಿತು. ಕೈ ನಿಂತಿತು, ನಗೂ ನಿಂತಿತು. ಕರಿ ಬಣ್ಣದ ಮೇಲೆ ಬೆರಳುದ್ದದ ಬಿಳಿ ಗೀರು.

"ಇದನ್ನ ಬೀಳ್ಸಿದ್ಯಾರು?"

ನಾನು ಕಂಬದ ಅಣಕು ಮಾಡುತ್ತಾ ನಿಂತೆ. ಬಹಳ ಚೆನ್ನಾಗಿ ಬಂತು.

ಓನರ್ ಓಡಿ ಬಂದರು. "ವ್ಯಾಕ್ಸ್ ಹೊಡೆದ್ರೆ ಮುಚ್ಚೋಗುತ್ತೆ, ಬಿಡಿ."

"ವ್ಯಾಕ್ಸು ಎಷ್ಟು ದಿನ ಸಾರ್? ಎರಡು ತಿಂಗ್ಳು. ಆಮೇಲೆ ದಿನಾ ಬೆಳಿಗ್ಗೆ ಆ ಮನುಷ್ಯ ಇದನ್ನ ನೋಡ್ಬೇಕಾ?"

ಆ ಕ್ಲೇಯನ್ನು ಕಸಕ್ಕೆಸೆದು ಹೊಸದು ತೆಗೆದಳು. ಬಾನೆಟ್ ಮುಗಿಸಿ, ಗೀರಿನ ಜಾಗಕ್ಕೆ ಪಾಲಿಶ್ ಹಚ್ಚಿ ಕೈಯಲ್ಲೇ ತಿಕ್ಕಲು ಕೂತಳು. ಊಟಕ್ಕೂ ಏಳಲಿಲ್ಲ. ಮೂರು ಗಂಟೆಗೆ ಗಾಡಿಯನ್ನು ಬಿಸಿಲಿಗೆ ತಂದು ನಾಲ್ವರೂ ನಾಲ್ಕು ಕಡೆಯಿಂದ ಬಗ್ಗಿ ನೋಡಿದೆವು. ಗೀರು ಇದ್ದ ಜಾಗದಲ್ಲಿ ನಮ್ಮ ಮುಖಗಳಿದ್ದವು.

ನಾಲ್ಕಕ್ಕೆ ಯಜಮಾನರು ಬಂದರು. ಬಾನೆಟ್ ಸವರಿದರು, ಮತ್ತೆ ಸವರಿದರು. "ಇದು ನನ್ ಗಾಡೀನೇನ್ರೀ?" ಎಂದರು. ಅಲ್ಲಿಗೆ ಎಲ್ಲ ಸುಖಾಂತ್ಯ. ಆದರೆ ಅಕ್ಕ ಮುಂದೆ ಬಂದು ಬೆರಳಿಟ್ಟು ತೋರಿಸಿದಳು.

"ಇಲ್ಲಿ ಒಂದು ಗೀರು ಬಿದ್ದಿತ್ತು ಸಾರ್. ತೆಗ್ದಿದೀನಿ. ಬಿಸಿಲಲ್ಲಿ ಚೆನ್ನಾಗಿ ನೋಡ್ಕೊಂಡು ತಗೊಂಡ್ಹೋಗಿ."

ಅವರು ಬಗ್ಗಿ ಹುಡುಕಿದರು. ಸಿಗಲಿಲ್ಲ. ಸಿಗದಿದ್ದಕ್ಕೆ ಇನ್ನಷ್ಟು ಸಿಟ್ಟು. "ಯಾರ್ರೀ ಹಾಕಿದ್ದು? ಯಾರ ಕೈಗೆ ಕೊಟ್ಟಿದ್ರಿ ನನ್ ಗಾಡೀನ?"

ಕಂಬಕ್ಕೆ ಕಡೆಗೂ ಬಾಯಿ ಬಂತು. "ನಾನು ಸಾರ್. ಕ್ಲೇ ನೆಲಕ್ಕೆ ಬೀಳ್ಸಿದ್ದು ನಾನು. ಹೇಳ್ದೆ ಹಾಗೇ ಇಟ್ಟಿದ್ದೂ ನಾನು."

ಓನರ್ ಮುಳುಗುವವರಿಗೆ ಹಗ್ಗ ಸಿಕ್ಕಂತೆ ಅದನ್ನೇ ಹಿಡಿದುಕೊಂಡರು. "ನೋಡಿ ಸಾರ್, ಎಲ್ಲ ಈ ಕೋತಿದು. ಪಾಪ, ಆಯಮ್ಮ ಬಟ್ಟೆ ಒಗೆಯೋಕೆ ಬರೋರು, ಅವ್ರಿಗೇನ್ ಗೊತ್ತಾಗುತ್ತೆ?"

ಅಕ್ಕನನ್ನು ಉಳಿಸುವ ಒಳ್ಳೆಯ ಮನಸ್ಸಿನಿಂದಲೇ ಹಾಗೆಂದರು. ಯಜಮಾನರೂ ತಲೆಯಾಡಿಸಿ, ಪ್ಯಾಂಟು ಮೇಲೆಳೆದುಕೊಂಡು, ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಅಕ್ಕ ನಮ್ಮಿಬ್ಬರ ನಡುವೆ ಬಂದು ನಿಂತಳು.

"ಪಾಪ ಗೀಪ ಏನೂ ಬೇಡಿ ಸಾರ್. ಬೀಳ್ಸಿದ್ದು ಇವ್ನು, ನೋಡ್ದೆ ಉಜ್ಜಿದ್ದು ನಾನು. ಗಾಡಿ ನನ್ ಕೈಗೆ ಬಂದ್ಮೇಲೆ ಗೀರೂ ನಂದೇ. ಅದನ್ನ ಇವನಿಗ್ಯಾಕೆ ಕೊಡ್ಲಿ?"