ಎರಡನೇ ಸಲ ಕೇಳುವವರೆಗೆ

ನಮ್ಮ ಮನೆಯಲ್ಲಿ ಮೊದಲ ಸಲ ಹೇಳಿದ ‘ಬ್ಯಾಡ’ಕ್ಕೆ ಬೆಲೆ ಇರಲಿಲ್ಲ. ಮನೆಯ ಮಾತೇಕೆ, ಬಸವಕಲ್ಯಾಣದ ನಮ್ಮ ಇಡೀ ಓಣಿಯಲ್ಲೇ ಇರಲಿಲ್ಲ. ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಹಾಕಲೇನು ಎಂದು ಕೇಳಿದರೆ ಮೊದಲು ಸಾಕ್ರಿ ಅನ್ನಬೇಕು. ಮತ್ತೆ ಕೇಳಿದರೆ ಹೊಟ್ಟೆ ತುಂಬಿತ್ರಿ ಅಂತ ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು. ಆಮೇಲೂ ಕೇಳಿದಾಗ ಕೈ ಸ್ವಲ್ಪ ಸರಿಸಬೇಕು. ಮೊದಲ ಮಾತಿಗೇ ಹೂಂ ಅಂದವರನ್ನು ಅವ್ವ ವಾರಗಟ್ಟಲೆ ಆಡಿಕೊಳ್ಳುತ್ತಿದ್ದಳು. ಊರಿಗೆ ಹೊರಟು ನಿಂತ ನೆಂಟರದೂ ಇದೇ ಕತೆ. ‘ಇವತ್ತಿದ್ದು ನಾಳೆ ಹೋಗ್ರಿ’ ಎಂದು ನಾವು ಅನ್ನುವುದು, ಇಲ್ರಿ ಕೆಲಸ ಅದ ಎಂದು ಅವರು ಅನ್ನುವುದು, ಮತ್ತೆ ನಾವು, ಮತ್ತೆ ಅವರು, ಕೊನೆಗೆ ಕೈಚೀಲ ಮತ್ತೆ ಗೂಟಕ್ಕೆ ಹೋಗುವುದು. ಅಪ್ಪನ ಕಿರಾಣಿ ಅಂಗಡಿಯಲ್ಲಂತೂ ಗಿರಾಕಿ ಮುನಿಸಿಕೊಂಡು ಮೆಟ್ಟಿಲಿಳಿದ ಮೇಲೆಯೇ ನಿಜವಾದ ವ್ಯಾಪಾರ ಶುರುವಾಗುತ್ತಿತ್ತು.

ಇಂಥ ಊರಿನಲ್ಲಿ, ಯಾವುದಕ್ಕೂ ಕಾಯಲು ಬಾರದ ನಾನು ಹುಟ್ಟಿದ್ದೆ. ಕೂತಲ್ಲಿ ಕೂರುತ್ತಿರಲಿಲ್ಲ. ಕಾಲಾಗ ಚಕ್ರ ಅದ ನಿನಗ ಎಂದು ಅವ್ವ ಬೈಯುತ್ತಿದ್ದಳು. ಗುಲಬರ್ಗಾದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಹುಮನಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳಲು ಹೋಗುತ್ತಿದ್ದೆ. ದಿನಾ ಬಸ್ಸು. ಸಸ್ತಾಪುರ ಬಂಗ್ಲಾದ ಕ್ರಾಸಿಗೆ ಬಂದಾಗ ಹೈದರಾಬಾದಿನ ಕಡೆ ಹೋಗುವ ಲಾರಿಗಳನ್ನೂ ಪುಣೆಯ ಕಡೆ ಹೋಗುವ ಲಾರಿಗಳನ್ನೂ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವೆಲ್ಲ ಎಲ್ಲಿಗೋ ಹೋಗುತ್ತಿದ್ದವು. ನಾನು ಅದೇ ಹುಮನಾಬಾದಿಗೆ ಹೋಗಿ, ಅದೇ ಎಲೆಯ ಅಡ್ಡಸೀಳಿನ ಚಿತ್ರವನ್ನು ಅದೇ ಕರಿಹಲಗೆಯ ಮೇಲೆ ಬರೆದು, ಅದೇ ಬಸ್ಸಿಗೆ ವಾಪಸು ಬರುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತಿನ ಹಿಂದಿನ ಕೋಣೆಗೆ ಇಂಟರ್ನೆಟ್ ಬಂತು. ಕಾಲೇಜು ಬಿಟ್ಟ ಮೇಲೆ, ಬಸ್ಸು ಬರುವ ತನಕ ನಾನು ಅಲ್ಲಿ. ಪರದೇಶದ ವಿಶ್ವವಿದ್ಯಾಲಯಗಳಲ್ಲಿ ಹೊರಗಿನ ವಿದ್ಯಾರ್ಥಿಗಳಿಗೆ ಏನೇನು ಕೋರ್ಸುಗಳಿವೆ ಎಂದು ನೋಡುವುದೇ ನನ್ನ ಕೆಲಸವಾಯಿತು. ಒಂದೊಂದು ಪುಟ ತೆರೆಯುವುದರೊಳಗೆ ಒಂದು ಚಹಾ ಕುಡಿದು ಮುಗಿಸಬಹುದಿತ್ತು. ಆದರೆ ತೆರೆದ ಮೇಲೆ! ನಮ್ಮಲ್ಲಿ ಮಾರ್ಕ್ಸು ಎಷ್ಟು ಬಂತೋ ಅದಕ್ಕೆ ತಕ್ಕ ಸಬ್ಜೆಕ್ಟು, ಸಿಕ್ಕಿದ್ದನ್ನು ಓದುವುದು. ಅಲ್ಲಿ ಮಣ್ಣಿಗೊಂದು ಕೋರ್ಸು, ಬ್ರೆಡ್ಡಿಗೊಂದು, ಕಡಲ ದಂಡೆಗೊಂದು. ಮ್ಯೂಸಿಯಮ್ಮಿನಲ್ಲಿ ಹಳೇ ಸಾಮಾನು ಹಾಳಾಗದಂತೆ ನೋಡಿಕೊಳ್ಳುವುದಕ್ಕೂ ಒಂದು ವರ್ಷ ಓದಿಸುತ್ತಿದ್ದರು.

ನನಗೆ ತಲೆ ಕೆಟ್ಟುಹೋಯಿತು. ಸೋಮವಾರ ಮ್ಯೂಸಿಯಮ್ಮು ಓದಬೇಕು ಅನಿಸಿದರೆ ಗುರುವಾರ ಕಡಲು. ಸಮುದ್ರ ನೋಡಿಯೇ ಇರದವಳು ಬಸ್ಸಿನಲ್ಲಿ ಕೂತು ಅಲೆಗಳ ಉಬ್ಬರ ಇಳಿತದ ಬಗ್ಗೆ ಚಿಂತೆ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಕೋರ್ಸಲ್ಲ, ಹೋಗುವುದು. ಕೊನೆಗೆ ಓದಿದ್ದಕ್ಕೂ ಹೊಂದುತ್ತದೆ, ಮನೆಯಲ್ಲಿ ಹೇಳುವುದಕ್ಕೂ ಸುಲಭ ಎಂದು ಬೀಜ ವಿಜ್ಞಾನದ ಮೇಲೆ ಬಂದು ನಿಂತೆ. ಬಿತ್ತನೆಯ ಬೀಜ ಹೇಗೆ ಕೆಡುತ್ತದೆ, ಎಷ್ಟು ದಿನ ಜೀವ ಹಿಡಿದುಕೊಂಡಿರುತ್ತದೆ ಎಂಬುದನ್ನು ಒಂದು ವರ್ಷ ಕಲಿಸುವ ಕೋರ್ಸು. ಓದುತ್ತ ಹೋದಂತೆ ಅದು ನಿಜವಾಗಿಯೂ ಮನಸ್ಸಿಗೆ ಹತ್ತಿತು.

ಮನೆಯಲ್ಲಿ ಹೇಳಿದೆ. ಬೀಜ ಕಲಿಯಲು ವಿಲಾಯತಿಗೆ ಯಾಕೆ, ಅಂಗಡಿಯಲ್ಲಿ ಚೀಲಗಟ್ಟಲೆ ಬಿದ್ದಿದೆ ಎಂದು ಅಪ್ಪ ನಕ್ಕ, ಬೇಡ ಅಂದ. ನಾನು ಎದೆಗುಂದಲಿಲ್ಲ, ಅದು ಮೊದಲ ಬೇಡ. ಮತ್ತೆ ಕೇಳಿದೆ, ಮುಖ ಗಂಟು ಹಾಕಿದ. ಇನ್ನೊಮ್ಮೆ ಕೇಳಿದಾಗ, ತಕ್ಕಡಿ ಒರೆಸುತ್ತ, ನೋಡೋಣ ತಗೋ ಅಂದ. ಅವ್ವನ ಕಣ್ಣಲ್ಲಿ ನೀರು ಬಂತು. ‘ನೋಡೋಣ’ ಅಂದರೆ ನಮ್ಮ ಮನೆಯಲ್ಲಿ ಆಯಿತು ಅಂತಲೇ ಅರ್ಥ.

ಹೈದರಾಬಾದಿನ ಒಂದು ದೊಡ್ಡ ಹೋಟೆಲಿಗೆ ಆ ವಿಶ್ವವಿದ್ಯಾಲಯದವರು ಬರುತ್ತಾರೆ, ಅಲ್ಲಿಯೇ ಮಾತಾಡಿಸಿ ಸೀಟು ಕೊಡುತ್ತಾರೆ ಎಂದು ಗೊತ್ತಾಯಿತು. ನಾನೊಬ್ಬಳೇ ಹೋಗುತ್ತೇನೆಂದೆ. ಅಪ್ಪನಿಗೆ ಅದು ತಿಳಿಯಲೇ ಇಲ್ಲ. ಹೆಣ್ಣುಮಗಳನ್ನು ಒಂದು ಕಡೆ ಕಳಿಸುವುದೆಂದರೆ ಹಿರಿಯರು ಹೋಗಿ ಮಾತಾಡಬೇಕು. ಅವನಿಗೆ ಗೊತ್ತಿದ್ದ ರೀತಿ ಅದೊಂದೇ. ಹಾಗಾಗಿ ಅಪ್ಪ ಹೊರಟ. ನಿರ್ಣಾದಿಂದ ಮಾಮಾ, ಅಂದರೆ ಅವ್ವನ ತಮ್ಮ, ಹೊಲದ ಕೆಲಸ ಬಿಟ್ಟು ಬಂದ. ನಮ್ಮ ಓಣಿಯ ಅರ್ಧ ಮದುವೆಗಳನ್ನು ಕೂಡಿಸಿದ ಹಿರಿಯ ಕಾಕಾ ಒಬ್ಬರು ಜರಿ ರುಮಾಲು ಸುತ್ತಿ ಬಂದರು. ಚೀಲದಲ್ಲಿ ಒಂದು ಶಾಲು, ತೆಂಗಿನಕಾಯಿ, ಆ ವರ್ಷದ ಹೊಸ ತೊಗರಿಯ ಬೇಳೆ.

ಹೋಟೆಲಿನ ಆ ಹಾಲಿನಲ್ಲಿ ಸಾಲುಸಾಲಾಗಿ ಮೇಜುಗಳು. ಎಲ್ಲ ಮೇಜಿನ ಮುಂದೆಯೂ ಫೈಲು ಹಿಡಿದ ಒಬ್ಬೊಬ್ಬ ಹುಡುಗ, ಹುಡುಗಿ. ನಮ್ಮ ಮೇಜಿನ ಮುಂದೆ ಮಾತ್ರ ಬೀಗತನಕ್ಕೆ ಬಂದ ಮಂದಿ. ನೆಲ ಬಾಯಿ ತೆರೆಯಬಾರದೇ ಅನಿಸಿತು. ಮೇಜಿನ ಆಚೆ ಕೂತಿದ್ದ ಇಂಗ್ಲೆಂಡಿನ ಹೆಂಗಸು ನಡುವಯಸ್ಸಿನವಳು, ಕತ್ತಿಗೆ ಕನ್ನಡಕ ಜೋತುಬಿಟ್ಟುಕೊಂಡಿದ್ದಳು. ಅಪ್ಪ ಬೇಳೆ ಚೀಲ ಮುಂದಿಟ್ಟಾಗ ಇದಕ್ಕೆ ಏನು ಕೊಡಬೇಕು ಎಂದು ನನ್ನನ್ನು ಕೇಳಿದಳು. ಕಾಕಾ ಕುರ್ಚಿ ಎಳೆದುಕೊಂಡು ಕೂತು ಶುರುಮಾಡಿದರು. ಹುಡುಗಿ ಇರುವ ಮನೆಯಲ್ಲಿ ಎಷ್ಟು ಮಂದಿ, ನೀರಿಗೆ ಹ್ಯಾಂಗ, ಅಡುಗೆ ಯಾರು ಮಾಡುತ್ತಾರೆ, ಮಾಂಸ ಬೇಯಿಸುವ ಪಾತ್ರೆ ಬೇರೆ ಇಡುತ್ತಾರೋ ಹೇಗೆ. ಎರಡೂ ಕಡೆಯ ಮಾತನ್ನು ನಾನೇ ದಾಟಿಸಬೇಕು. ನಿಮಗೆ ಮಕ್ಕಳೆಷ್ಟು ಎಂದು ಕಾಕಾ ಕೇಳಿದ್ದನ್ನು ಮಾತ್ರ ನುಂಗಿಕೊಂಡೆ.

ಆಕೆ ಸಮಾಧಾನದವಳು, ಎಲ್ಲದಕ್ಕೂ ಉತ್ತರ ಹೇಳಿದಳು. ನನ್ನ ಮಾರ್ಕ್ಸ್ ಕಾರ್ಡು ನೋಡಿದಳು, ಬೀಜದ ಬಗ್ಗೆ ಏನೇನೋ ಕೇಳಿದಳು. ಅಲ್ಲಿ ನಾನು, ದಿನಾ ಬಸ್ಸಿನಲ್ಲಿ ಕೂತು ನನ್ನೊಳಗೇ ಮಾತಾಡಿಕೊಳ್ಳುವ ಹಾಗೆ, ತಡೆಯಿಲ್ಲದೆ ಮಾತಾಡಿದೆ. ಮಾಮಾ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ಕೊನೆಗೆ ಆಕೆ ಕನ್ನಡಕ ತೆಗೆದು, ಒಂದು ಸೀಟಿದೆ, ಅರ್ಧ ಫೀಸು ಮಾಫಿ ಮಾಡುತ್ತೇವೆ, ನಿನಗೇ ಕೊಡುತ್ತೇನೆ, ಬೇಕೇನು ಎಂದಳು. ಅಪ್ಪನಿಗೆ ಹೇಳಿದೆ.

ಅಪ್ಪನ ಮುಖ ಅರಳಿದ್ದು ನನಗೆ ಕಂಡಿತು. ಆದರೂ ಅವನು ಕಾಕಾನ ಕಡೆ ನೋಡಿದ, ಕಾಕಾ ತಲೆಯಾಡಿಸಿದರು, ಅಪ್ಪ ಗಂಟಲು ಸರಿಮಾಡಿಕೊಂಡು ಅಂದ:

“ಮನಿಗಿ ಹೋಗಿ ವಿಚಾರ ಮಾಡಿ ಹೇಳ್ತೀವಂತ ಹೇಳವ್ವ.”

ನಾನು ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಬೇರೆ ಹೇಳಬೇಕು ಎಂದು ಹೊಳೆಯಲೂ ಇಲ್ಲ. ಹೆಣ್ಣಿನ ಕಡೆಯವರು ಒಂದೇ ಮಾತಿಗೆ ಒಪ್ಪುತ್ತಾರೇನು? ಆಕೆ ನನ್ನ ಕಡೆ ತಿರುಗಿ, ನೀನೇನು ಹೇಳುತ್ತಿ ಎಂದಳು. ಹಿರಿಯರ ಮುಂದೆ ಏನು ಮಾಡಬೇಕೋ ಅದನ್ನೇ ಮಾಡಿದೆ, ತಲೆ ತಗ್ಗಿಸಿ ನಕ್ಕೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೂಂ ಇಲ್ಲ. ಆಕೆಯೂ ನಕ್ಕು, ಒಳ್ಳೆಯದಾಗಲಿ ಎಂದು ನನ್ನ ಕಾಗದಗಳನ್ನು ನನಗೇ ಕೊಟ್ಟು, ಮುಂದಿನವರನ್ನು ಕರೆದಳು.

ವಾಪಸು ಬರುವಾಗ ಬಸ್ಸಿನಲ್ಲಿ ಮೂವರೂ ಖುಷಿಯಲ್ಲಿದ್ದರು. ಹೆಂಗಸು ಘನವಂತೆ, ಮಾತು ತೂಕದ್ದು ಎಂದು ಕಾಕಾ ಹೊಗಳಿದರು. ಇನ್ನು ಅವರು ಕೇಳಿಕಳಿಸುತ್ತಾರೆ, ಆಗ ಹೂಂ ಅನ್ನೋಣ ಎಂದು ಅಪ್ಪ ಅಂದ. ನಾನೂ ಹಾಗೇ ನಂಬಿದ್ದೆ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಅಂಗಾಲು ಉರಿಯುತ್ತದೆ. ಕಾಲೇಜಿನ ಗಂಟೆ ಹೊಡೆದದ್ದೇ ತಡ ಬೂತಿಗೆ ಓಡುತ್ತಿದ್ದೆ. ನನ್ನ ಇ-ಮೇಲಿನ ಪುಟ ತೆರೆಯುವವರೆಗೆ ಕುರ್ಚಿಯಿಂದ ಎದ್ದು ಕೂತು, ಎದ್ದು ಕೂತು, ಬೂತಿನವನಿಗೇ ಬೇಜಾರು ಬಂದಿತ್ತು. ಮನೆಗೆ ಬಂದರೆ ಅಪ್ಪ ಏನೂ ಕೇಳದವನ ಹಾಗೆ, ಇವತ್ತು ಬಿಸಿಲು ಬಹಳ ಇತ್ತಲ್ಲ ಎನ್ನುತ್ತಿದ್ದ. ಪಾಠ ಮಾಡುವಾಗ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅವ್ವ ಒಂದು ಕಡೆ ಉಪ್ಪಿನಕಾಯಿ ಹಾಕಿ ಭರಣಿ ತುಂಬಿಸುತ್ತಿದ್ದಳು, ಇನ್ನೊಂದು ಕಡೆ ಅಳುತ್ತಿದ್ದಳು. ಯಾರೂ ಏನೂ ಕೇಳಿಕಳಿಸಲಿಲ್ಲ.

ಒಂದು ದಿನ ತಡೆಯಲಾಗದೆ ಮನೆಯಲ್ಲಿ ಯಾರಿಗೂ ಹೇಳದೆ ನಾನೇ ಆಕೆಗೆ ಬರೆದೆ. ನನಗೆ ಸೀಟು ಬೇಕು, ಮೊದಲಿನಿಂದಲೂ ಬೇಕಿತ್ತು ಎಂದು ಬರೆದೆ. ಮಾರನೇ ದಿನವೇ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಆ ದಿನ ಕೇಳಿದಾಗ ನಿಮ್ಮ ಮನೆಯವರಿಗೆ ಮನಸ್ಸಿಲ್ಲ ಎಂದು ತಿಳಿದೆ, ಒತ್ತಾಯ ಮಾಡುವುದು ಸರಿಯಲ್ಲ ಎಂದು ಸುಮ್ಮನಾದೆ, ಸೀಟು ಬೇರೆಯವರಿಗೆ ಹೋಯಿತು. ಬೇಳೆ ತುಂಬ ರುಚಿಯಾಗಿತ್ತಂತೆ.

ಅಂಗಡಿಗೆ ಹೋಗಿ ಅಪ್ಪನಿಗೆ ಹೇಳಿದೆ. ಗಿರಾಕಿಗಳಿದ್ದರು, ಆದರೂ ಹೇಳಿಬಿಟ್ಟೆ. ಸಿಟ್ಟು ಎಷ್ಟಿತ್ತೆಂದರೆ ಅವನು ಒಂದು ಮಾತು ಎದುರಾಡಿದ್ದರೆ ಕಾಳಿನ ಡಬ್ಬಿ ಎತ್ತಿ ಒಗೆಯುತ್ತಿದ್ದೆ. ಅವನು ಎದುರಾಡಲಿಲ್ಲ. ಕೈಯಲ್ಲಿದ್ದ ಪೊಟ್ಟಣಕ್ಕೆ ದಾರ ಸುತ್ತುವುದನ್ನು ಮರೆತು ನಿಂತ.

“ಎರಡನೇ ಸಲ ಕೇಳಲೇ ಇಲ್ಲೇನು?” ಎಂದ.

ನನ್ನ ಸಿಟ್ಟು ಅಲ್ಲೇ ಇಂಗಿತು. ಅವನಿಗೆ ಆಕೆಯ ಮೇಲೆ ಕೋಪವಿರಲಿಲ್ಲ. ಜಗತ್ತಿನಲ್ಲಿ ಹೀಗೂ ಇರುತ್ತದೆ ಎಂಬುದು ಅವನಿಗೆ ಅಂದೇ ಗೊತ್ತಾದದ್ದು.

ಆ ರಾತ್ರಿ ಊಟಕ್ಕೆ ಕೂತಾಗ ಅವ್ವ ಇನ್ನೊಂದು ರೊಟ್ಟಿ ಹಾಕಲೇನು ಎಂದಳು. ಹಾಕು ಅಂದೆ. ಅವ್ವನ ಕೈ ಗಾಳಿಯಲ್ಲೇ ನಿಂತಿತು. ಅಣ್ಣ, ಅವನ ಹೆಂಡತಿ ವೈನಿ ಇಬ್ಬರೂ ನನ್ನ ಮುಖ ನೋಡಿದರು. ಅಪ್ಪ ಮಾತ್ರ ತಾಟಿನಿಂದ ತಲೆ ಎತ್ತದೆ, ಆಕೆ ಹಾಕು ಅಂದಾಳ, ಹಾಕು ಎಂದ.

ಮರುವರ್ಷ ಅದೇ ಹೋಟೆಲಿಗೆ ನಾನೊಬ್ಬಳೇ ಹೋದೆ. ಹೋಗು ಎಂದು ಅಪ್ಪನೇ ಬಸ್ಸಿಗೆ ಹತ್ತಿಸಿದ. ಬೀಜದ ಕೋರ್ಸಿನವರು ಆ ವರ್ಷ ಬಂದಿರಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದವರು ಹುಲ್ಲುಗಾವಲಿನ ಅಧ್ಯಯನಕ್ಕೆ ಸೀಟು ಕೊಡುತ್ತಿದ್ದರು, ಫೀಸಿನಲ್ಲಿ ಹೆಚ್ಚಿನ ಪಾಲು ಮಾಫಿ. ಬೇಕೇ ಎಂದು ಅಲ್ಲಿದ್ದವನು ಕೇಳಿ ಮುಗಿಸುವ ಮೊದಲೇ ಬೇಕು ಎಂದೆ. ಎಷ್ಟು ಜೋರಾಗಿ ಅಂದೆನೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾಚಿಕೆಯಾಯಿತು, ಜೊತೆಗೆ ಹಗುರಾಯಿತು. ಸುದ್ದಿ ಕೇಳಿದ ಮಾಮಾ, ಹುಲ್ಲಿನ ಬಗ್ಗೆ ನಮ್ಮ ಆಡುಗಳನ್ನು ಕೇಳಿದ್ದರೆ ಹೇಳುತ್ತಿದ್ದವಲ್ಲ ಎಂದು ಬಿದ್ದು ಬಿದ್ದು ನಕ್ಕ.

ಹೊರಡುವ ದಿನ ಅಪ್ಪನೊಬ್ಬನೇ ಬಂಗ್ಲಾದ ಕ್ರಾಸಿನವರೆಗೆ ಬಂದ. ಅಳುವವರನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದಿದ್ದೆವು. ಸೂಟ್‌ಕೇಸಿನಲ್ಲಿ ಅವ್ವನ ಉಪ್ಪಿನಕಾಯಿ, ಶೇಂಗಾ ಹಿಂಡಿ, ಹೊಸ ಸ್ವೆಟರು. ಲಾರಿಗಳು ಎಂದಿನಂತೆ ಎರಡೂ ಕಡೆ ಓಡುತ್ತಿದ್ದವು. ಹೈದರಾಬಾದಿನ ಬಸ್ಸು ಬಂದು ನಿಂತಿತು. ಅಪ್ಪ ಸೂಟ್‌ಕೇಸು ಮೇಲೆ ಹಾಕಿಸಿ ಕೆಳಗಿಳಿದ. ನಾನು ಬಾಗಿಲಲ್ಲಿ ನಿಂತಿದ್ದೆ. ವಿಮಾನ ಇದ್ದದ್ದು ಎರಡು ದಿನ ಬಿಟ್ಟು. ಹೈದರಾಬಾದಿನಲ್ಲಿ ಗೆಳತಿಯ ಮನೆಯಲ್ಲಿದ್ದು ಹೋಗುವುದೆಂದು ಅವಸರ ಮಾಡಿ ಹೊರಟವಳು ನಾನೇ.

ಅಪ್ಪ ಬಾಗಿಲಿನ ಸರಳು ಹಿಡಿದುಕೊಂಡು ನನ್ನ ಕಡೆ ನೋಡಿದ.

“ಇವತ್ತೊಂದಿನ ಇದ್ದು ನಾಳೆ ಹೋದ್ರ ನಡೀತದೇನವ್ವ?”

“ಇಲ್ಲಪ್ಪ, ಹೋಗ್ತೀನಿ” ಅಂದೆ.

ನೆಂಟರು ಅನ್ನುವ ಹಾಗೆಯೇ ಅಂದೆ. ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತು, ಬಾಯಿಗೆ ತಾನಾಗಿ ಬಂತು. ಅಂದವಳು, ಒಂದು ಕಾಲು ಕೆಳಗಿನ ಮೆಟ್ಟಿಲ ಮೇಲೆ ಇಟ್ಟುಕೊಂಡೇ ನಿಂತೆ.

ಅಪ್ಪ ಸರಳಿನಿಂದ ಕೈ ತೆಗೆದ. “ಆಯ್ತವ್ವ” ಎಂದ. ಬಸ್ಸಿನ ಮೈಗೆ ಎರಡು ಸಲ ತಟ್ಟಿ, ರೈಟ್ ಎಂದು ಕಂಡಕ್ಟರನ ಬದಲು ತಾನೇ ಕೂಗಿದ. ನಾನು ಕಲಿಸಿದ ಪಾಠವನ್ನು ಅವನು ಅಷ್ಟು ಚೆನ್ನಾಗಿ ಕಲಿತಿದ್ದ.

ಬಸ್ಸು ಹೊರಟಿತು. ಇನ್ನೊಂದು ಸಲ ಕೇಳಿದ್ದರೆ ಇಳಿದುಬಿಡುತ್ತಿದ್ದೆ. ಹುಮನಾಬಾದು ಬಂತು, ಬೂತು ಕಂಡಿತು, ಕಾಲೇಜಿನ ದಾರಿ ಕಂಡಿತು, ಎಲ್ಲ ಹಿಂದೆ ಹೋಯಿತು. ಆ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿದ್ದರಲ್ಲಿ, ಬಸ್ಸು ನಿಲ್ಲಲಿ ಎಂದು ನಾನು ಬೇಡಿಕೊಂಡದ್ದು ಅವತ್ತೊಂದೇ ದಿನ.